ಆಚಂದ್ರಾರ್ಕ ದತ್ತಿಯೂ ಆಜೀವ ವಿಮಾನಪಾಸೂ

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳು ಆ ಊರನ್ನು ತೊಂಬಲೂರು, ದೇಶಿಮಾಣಿಕ್ಕಪಟ್ಟಣ ಎಂದು ಕರೆಯುತ್ತವೆ. ದತ್ತಿಯು ಸೂರ್ಯಚಂದ್ರರಿರುವವರೆಗೆ ನಡೆಯಬೇಕೆಂಬುದು ದಾನಶಾಸನಗಳ ರೂಢಿ. ಅಲ್ಲಿ ಕಾಲಕ್ಕೆ ಮಿತಿಯಿಲ್ಲ. ಆದರೆ ಭೂಮಿಯ ಎಲ್ಲೆ, ತೆರಿಗೆಯ ಹೆಸರು, ದತ್ತಿಯ ಉದ್ದೇಶ ಇವನ್ನು ಹೇಳಿ ಕೊಡುಗೆಯ ಪ್ರಮಾಣವನ್ನು ಗೊತ್ತುಪಡಿಸುವುದುಂಟು.

ದೀರ್ಘಕಾಲದ ವಾಗ್ದಾನವನ್ನು ಹೇಗೆ ಬರೆಯಬೇಕೆಂಬುದು ಶಾಸನಯುಗಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಹಣದ ಅಗತ್ಯಕ್ಕಾಗಿ 2,50,000 ಡಾಲರುಗಳಿಗೆ ಪ್ರಥಮ ದರ್ಜೆಯ ಆಜೀವ ಪಾಸನ್ನು ಮಾರತೊಡಗಿತು. ಇಲ್ಲಿ ಕ್ರಮವು ತಲೆಕೆಳಗು: ಕಾಲವು ಒಬ್ಬರ ಆಯುಷ್ಯದಷ್ಟು, ಪ್ರಯಾಣಗಳಿಗೆ ಮಾತ್ರ ಲೆಕ್ಕವಿಲ್ಲ. ಕೆಲವರು ಸಾವಿರಾರು ಬಾರಿ ಪ್ರಯಾಣ ಮಾಡಿದರು. 1990ರಲ್ಲಿ ಬೆಲೆಯನ್ನು 6,00,000 ಡಾಲರಿಗೆ ಏರಿಸಿದ ಸಂಸ್ಥೆಯು 1994ರಲ್ಲಿ ಮಾರಾಟವನ್ನೇ ನಿಲ್ಲಿಸಿತು. 2008ರಲ್ಲಿ, ಅತ್ಯಧಿಕವಾಗಿ ಪ್ರಯಾಣಿಸಿದ್ದ ಇಬ್ಬರ ಪಾಸುಗಳನ್ನು ದುರುಪಯೋಗದ ಆರೋಪ ಹೊರಿಸಿ ರದ್ದುಪಡಿಸಿತು, ವ್ಯಾಜ್ಯವು ನ್ಯಾಯಾಲಯವನ್ನೇರಿತು.

ಇಲ್ಲಿ ಒಂದು ಭೇದವನ್ನು ಮರೆಯಲಾಗದು. ದುರುಪಯೋಗವು ಕರಾರನ್ನು ಮುರಿಯುತ್ತದೆ; ಅತಿಬಳಕೆಯಾದರೋ ಕರಾರನ್ನು ಅಕ್ಷರಶಃ ನಂಬುತ್ತದೆ. ಮೊದಲನೆಯದಕ್ಕೆ ಕೊಂಡವನು ಹೊಣೆ. ಎರಡನೆಯದರಿಂದಾದ ನಷ್ಟಕ್ಕೆ, ಎಲ್ಲೆಯನ್ನು ಬರೆಯದೆ ಬಿಟ್ಟು ಹಣ ಪಡೆದವನೇ ಹೊಣೆಯೆನ್ನುವುದು ನ್ಯಾಯ.