ಬೂಟಿನಿಂದ ಸಮಾಧಿಯವರೆಗೆ



ಯುದ್ಧಗಳ ಪಾಠ ಓದುವಾಗ ನೀವು ಸೇನಾಪತಿಗಳ ಹೆಸರುಗಳನ್ನೂ ಕದನಗಳ ಇಸವಿಗಳನ್ನೂ ಬಾಯಿಪಾಠ ಮಾಡುತ್ತೀರಿ. ಆದರೆ ಆ ಸೈನಿಕರ ಕಾಲಿಗೆ ಬೂಟು ಕೊಟ್ಟವರು ಯಾರು, ಅವರ ಕುದುರೆಗಳಿಗೆ ಹುಲ್ಲು ಬಂದದ್ದು ಎಲ್ಲಿಂದ ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ಸೇನೆಯಲ್ಲಿ ಈ ಹೊಣೆ ಹೊರುವವನೇ ಕ್ವಾರ್ಟರ್‌ಮಾಸ್ಟರ್. 19ನೆಯ ಶತಮಾನದಲ್ಲಿ ಈ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ನಿರ್ವಹಿಸಿದವನು ಅಮೆರಿಕದ ಮಾಂಟ್‌ಗೊಮೆರಿ ಮೆಗ್ಸ್.

ಮೆಗ್ಸ್ ಹುಟ್ಟಿದ್ದು 1816ರಲ್ಲಿ, ದಕ್ಷಿಣದ ಜಾರ್ಜಿಯಾ ರಾಜ್ಯದಲ್ಲಿ. ಬೆಳೆದದ್ದು ಉತ್ತರದ ಫಿಲಡೆಲ್ಫಿಯಾದಲ್ಲಿ. 1836ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ ಹೊರಬಂದು ಎಂಜಿನಿಯರ್ ಆದ. ಮರುವರ್ಷ ಮಿಸಿಸಿಪಿ ನದಿಯ ಸರ್ವೆಗೆ ಹೋದಾಗ ಅವನ ಮೇಲಧಿಕಾರಿಯಾಗಿದ್ದವನು ರಾಬರ್ಟ್ ಲೀ. ಈ ಹೆಸರನ್ನು ನೆನಪಿನಲ್ಲಿಡಿ.

1850ರ ದಶಕದಲ್ಲಿ ರಾಜಧಾನಿ ವಾಷಿಂಗ್ಟನ್‌ಗೆ ಪೊಟೊಮ್ಯಾಕ್ ನದಿಯ ನೀರು ತರುವ ಕಾಲುವೆಯನ್ನು ಮೆಗ್ಸ್ ಕಟ್ಟಿಸಿದ. ಆ ಯೋಜನೆಗಾಗಿ ಕ್ಯಾಬಿನ್ ಜಾನ್ ಎಂಬ ಹಳ್ಳದ ಮೇಲೆ ನಿಲ್ಲಿಸಿದ 220 ಅಡಿಯ ಒಂಟಿ ಕಲ್ಲಿನ ಕಮಾನು ಸುಮಾರು ನಾಲ್ಕು ದಶಕಗಳ ಕಾಲ ಜಗತ್ತಿನ ಅತಿ ಉದ್ದದ ಕಲ್ಲುಕಮಾನಾಗಿತ್ತು. ಸಂಸತ್ ಭವನದ ವಿಸ್ತರಣೆಯೂ ಅವನ ಉಸ್ತುವಾರಿಯಲ್ಲಿಯೇ ನಡೆಯಿತು. ಗುತ್ತಿಗೆಗಳನ್ನು ತನಗೆ ಬೇಕಾದವರಿಗೆ ಕೊಡಿಸಲು ಹವಣಿಸಿದ ಯುದ್ಧ ಸಚಿವ ಜಾನ್ ಫ್ಲಾಯ್ಡ್‌ಗೆ ಮೆಗ್ಸ್ ಮಣಿಯಲಿಲ್ಲ. ಫಲವಾಗಿ 1860ರಲ್ಲಿ ಫ್ಲಾರಿಡಾದಾಚೆಯ ಒಂದು ದ್ವೀಪದ ಕೋಟೆಗೆ ವರ್ಗವಾಯಿತು.

ಆ ವೇಳೆಗೆ ದೇಶವೇ ಒಡೆಯತೊಡಗಿತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರನಡೆದವು. ಫ್ಲಾಯ್ಡ್ ದಕ್ಷಿಣದ ಕಡೆ ಸೇರಿದ, ಲೀ ಸೇರಿದ, ಆಗ ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿದ್ದ ಜೋಸೆಫ್ ಜಾನ್‌ಸ್ಟನ್ ಕೂಡ ಸೇರಿದ. ದಕ್ಷಿಣದಲ್ಲಿ ಹುಟ್ಟಿದ ಮೆಗ್ಸ್ ಮಾತ್ರ ಒಕ್ಕೂಟಕ್ಕೇ ನಿಷ್ಠನಾಗಿ ಉಳಿದ. 1861ರ ಮೇ ತಿಂಗಳಲ್ಲಿ ಜಾನ್‌ಸ್ಟನ್ ಬಿಟ್ಟುಹೋದ ಹುದ್ದೆ ಅವನಿಗೆ ಬಂತು.

ಆ ಹುದ್ದೆಯ ಭಾರವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. ಸೇನೆಯ ನಿಯಮದಂತೆ ಒಂದು ಹೇಸರಗತ್ತೆಗೆ ದಿನಕ್ಕೆ 14 ಪೌಂಡ್ ಹುಲ್ಲು, 9 ಪೌಂಡ್ ಧಾನ್ಯ. ಒಟ್ಟು 23 ಪೌಂಡ್. ಆರು ಹೇಸರಗತ್ತೆಗಳ ಒಂದು ಗಾಡಿಗೆ ದಿನಕ್ಕೆ 138 ಪೌಂಡ್, ಅಂದರೆ ಸುಮಾರು 63 ಕಿಲೋ ಮೇವು ಬೇಕು. ಗಾಡಿ ಒಂದು ಸಾವಿರ ಕಿಲೋ ಹೊರುತ್ತದೆ ಎನ್ನಿ. ದಾರಿಯಲ್ಲಿ ಮೇವು ಸಿಗದಿದ್ದರೆ, ಹತ್ತೇ ದಿನಗಳಲ್ಲಿ ಹೊರೆಯ ಅರ್ಧಕ್ಕಿಂತ ಹೆಚ್ಚನ್ನು ಎಳೆಯುವ ಪ್ರಾಣಿಗಳೇ ತಿಂದು ಮುಗಿಸುತ್ತವೆ! ಸೇನೆಯು ರೈಲುದಾರಿಯಿಂದಲೂ ನದಿಯಿಂದಲೂ ದೂರ ಹೋದಷ್ಟೂ ಹಸಿವಿಗೆ ಹತ್ತಿರವಾಗುತ್ತದೆ ಎಂಬುದು ಈ ಲೆಕ್ಕದ ಸಾರ.

1863ರ ಶರತ್ಕಾಲದಲ್ಲಿ ಚಟನೂಗದಲ್ಲಿ ಆದದ್ದೂ ಇದೇ. ದಕ್ಷಿಣದವರು ಅಲ್ಲಿಗೆ ಹೋಗುವ ಹತ್ತಿರದ ದಾರಿಗಳನ್ನು ಕಡಿದುಹಾಕಿದಾಗ ಉತ್ತರದ ಸೈನಿಕರಿಗೆ ಉಳಿದದ್ದು ಕೆಸರು ತುಂಬಿದ ಬೆಟ್ಟದ ಹಾದಿಯೊಂದೇ. ಸಾವಿರಾರು ಕುದುರೆಗಳೂ ಹೇಸರಗತ್ತೆಗಳೂ ಮೇವಿಲ್ಲದೆ ಸತ್ತವು. ಮೆಗ್ಸ್ ಸ್ವತಃ ಅಲ್ಲಿದ್ದು ಇದನ್ನು ಕಂಡ. ಅಕ್ಟೋಬರ್ ಕೊನೆಯಲ್ಲಿ ಟೆನೆಸಿ ನದಿಯ ದಾರಿ ತೆರೆದು, ಸಣ್ಣ ಹಬೆದೋಣಿಗಳು ಸಾಮಾನು ತಂದ ಮೇಲೆಯೇ ಸೇನೆ ಚೇತರಿಸಿಕೊಂಡಿತು. ನವೆಂಬರಿನಲ್ಲಿ ಅದೇ ಸೇನೆ ಗೆದ್ದಿತು.

ಯುದ್ಧದ ಅವಧಿಯಲ್ಲಿ ಮೆಗ್ಸ್‌ನ ಇಲಾಖೆಯ ಮೂಲಕ ಖರ್ಚಾದದ್ದು ಸುಮಾರು 150 ಕೋಟಿ ಡಾಲರ್. ಮೊದಮೊದಲು ಕೆಲವು ವ್ಯಾಪಾರಿಗಳು ಚಿಂದಿ ಉಣ್ಣೆಯ ಸಮವಸ್ತ್ರ ಕೊಟ್ಟು ಮೋಸ ಮಾಡಿದ್ದರು. ಅವು ಮಳೆಗೇ ಬಿಚ್ಚಿಹೋಗುತ್ತಿದ್ದವು. ಅಂಥ ಕಾಲದಲ್ಲಿ ಇಷ್ಟು ಹಣ ಕೈಮೇಲೆ ಹಾದುಹೋದರೂ ಮೆಗ್ಸ್‌ನ ಪ್ರಾಮಾಣಿಕತೆಗೆ ಕಳಂಕ ತಟ್ಟಲಿಲ್ಲ.

ಆದರೆ ಕ್ವಾರ್ಟರ್‌ಮಾಸ್ಟರ್ ಇಲಾಖೆಗೆ ಇನ್ನೊಂದು ಕೆಲಸವೂ ಇತ್ತು. ಸತ್ತವರನ್ನು ಮಣ್ಣು ಮಾಡುವುದು. 1864ರ ಹೊತ್ತಿಗೆ ವಾಷಿಂಗ್ಟನ್‌ನ ಸೈನಿಕ ಸ್ಮಶಾನಗಳು ತುಂಬಿಬಂದವು. ನದಿಯಾಚೆ, ಆರ್ಲಿಂಗ್ಟನ್ ಗುಡ್ಡದ ಮೇಲೆ, ಲೀ ಕುಟುಂಬದ ಮನೆಯಿತ್ತು. ತೆರಿಗೆ ಬಾಕಿಯ ನೆಪದಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡಿತ್ತು. ಅದನ್ನೇ ಸ್ಮಶಾನ ಮಾಡೋಣವೆಂದವನು ಮೆಗ್ಸ್. ಹಳೆಯ ಒಡನಾಡಿಯ ಮನೆಯ ಗುಲಾಬಿ ತೋಟದ ಅಂಚಿನಲ್ಲೇ ಗೋರಿಗಳೆದ್ದವು. ಸೇನೆಗೆ ಜಾಗದ ಅಗತ್ಯವಿತ್ತು, ನಿಜ. ಲೀ ಕುಟುಂಬ ಮರಳಿ ಬಂದು ವಾಸಿಸಬಾರದೆಂಬ ಸಿಟ್ಟೂ ಇತ್ತು. ವಶಪಡಿಸಿಕೊಂಡದ್ದು ಕಾನೂನುಬಾಹಿರವೆಂದು 1882ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮರುವರ್ಷ ಸರ್ಕಾರ ಲೀಯ ಮಗನಿಗೆ 1,50,000 ಡಾಲರ್ ತೆತ್ತು ಜಾಗ ಕೊಂಡಿತು. ಅತ್ಯಂತ ಅಚ್ಚುಕಟ್ಟಾದ ಲೆಕ್ಕಿಗನೂ ದ್ವೇಷಕ್ಕೆ ಹೊರತಲ್ಲ ಎಂಬುದನ್ನು ಇಲ್ಲಿ ಗಮನಿಸಿ.

ಆ ಸ್ಮಶಾನ ಆರಂಭವಾದ ಕೆಲವೇ ತಿಂಗಳಲ್ಲಿ, 1864ರ ಅಕ್ಟೋಬರಿನಲ್ಲಿ, ಮೆಗ್ಸ್‌ನ ಮಗ ಜಾನ್ ವರ್ಜೀನಿಯದಲ್ಲಿ ಗುಂಡಿಗೆ ಬಲಿಯಾದ. ಹಿಂದಿನ ವರ್ಷವಷ್ಟೇ ಅವನು ವೆಸ್ಟ್ ಪಾಯಿಂಟ್‌ನಲ್ಲಿ ತನ್ನ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾಗಿದ್ದ. ಇಂದು ಅವನ ಸಮಾಧಿಯೂ ಆರ್ಲಿಂಗ್ಟನ್‌ನಲ್ಲಿದೆ.

1882ರಲ್ಲಿ ನಿವೃತ್ತನಾದ ಮೆಗ್ಸ್, ಮಾಜಿ ಸೈನಿಕರ ಪಿಂಚಣಿ ಕಚೇರಿಗೆ ವಾಷಿಂಗ್ಟನ್‌ನಲ್ಲಿ ಬೃಹತ್ ಇಟ್ಟಿಗೆ ಕಟ್ಟಡವನ್ನು ರೂಪಿಸಿದ. ಅದರ ಸುತ್ತ ಸುಟ್ಟ ಮಣ್ಣಿನ ಉಬ್ಬುಚಿತ್ರಗಳ ಪಟ್ಟಿಯಿದೆ. ಸೈನಿಕರ ಜೊತೆ ಸಾಮಾನಿನ ಗಾಡಿ ಹೊಡೆಯುವವನೂ ಅಲ್ಲಿದ್ದಾನೆ. ಅವನು ಯುದ್ಧದಿಂದ ಬಿಡುಗಡೆ ಪಡೆದ ಕಪ್ಪು ಗುಲಾಮನೇ ಆಗಿರಬೇಕೆಂದು ಮೆಗ್ಸ್ ಸೂಚಿಸಿದ್ದ. ಗೆಲುವನ್ನು ಹೊತ್ತು ತಂದವರು ಯಾರೆಂದು ಆ ಇಲಾಖೆಯ ಮುಖ್ಯಸ್ಥನಿಗೆ ಚೆನ್ನಾಗಿ ಗೊತ್ತಿತ್ತು.

1892ರ ಜನವರಿಯಲ್ಲಿ ಮೆಗ್ಸ್ ತೀರಿಕೊಂಡ. ಅವನನ್ನೂ ಆರ್ಲಿಂಗ್ಟನ್‌ನಲ್ಲೇ ಮಣ್ಣು ಮಾಡಿದರು. ಇನ್ನು ಮುಂದೆ ಯಾವುದೇ ಯುದ್ಧದ ಚರಿತ್ರೆ ಓದುವಾಗ ಬೂಟು, ಮೇವು, ಗಾಡಿಗಳ ಲೆಕ್ಕವನ್ನೂ ಹುಡುಕಿ ನೋಡಿ. ಹುಡುಕುತ್ತಾ ಹೋದರೆ ಅದೇ ಕಡತದ ಕೊನೆಯ ಪುಟಗಳಲ್ಲಿ ಸಮಾಧಿಗಳ ಲೆಕ್ಕವೂ ಸಿಗುತ್ತದೆ. ಎರಡನ್ನೂ ಓದಿದರೆ ಮಾತ್ರ ಯುದ್ಧದ ಪಾಠ ಪೂರ್ತಿಯಾಗುತ್ತದೆ.