ಸ್ವಿಚ್ಚು: ಲೋಹದಿಂದ ಲೆಕ್ಕದವರೆಗೆ

ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತುತ್ತೀರಿ, ದೀಪ ಹೊತ್ತಿಕೊಳ್ಳುತ್ತದೆ. ಅದೇ ಸ್ವಿಚ್ಚನ್ನು ಗಣಕದಲ್ಲಿ ಬರೆದ ವಿದ್ಯುನ್ಮಂಡಲದೊಳಗೆ ಸೇರಿಸಿದರೆ, ಲೆಕ್ಕ ಅರ್ಧಕ್ಕೇ ನಿಂತು 'ಕಾಲದ ಹೆಜ್ಜೆ ತೀರಾ ಚಿಕ್ಕದಾಯಿತು' ಎಂಬರ್ಥದ ಸಂದೇಶ ಬರುವುದುಂಟು. ಇಷ್ಟು ಸರಳವಾದ ಘಟಕ ಇಷ್ಟೊಂದು ತೊಂದರೆ ಕೊಡುವುದೇಕೆ? ಉತ್ತರ ಸ್ವಿಚ್ಚಿನ ಚರಿತ್ರೆಯಲ್ಲಿದೆ. ಅದರ ಕೆಲವು ಮುಖ್ಯ ಘಟ್ಟಗಳು ಬೆಂಗಳೂರಿನ ದಂಡು ಮತ್ತು ಪೂರ್ವ ಭಾಗದಲ್ಲೇ ನಡೆದವು.

ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾದದ್ದು 1948ರಲ್ಲಿ. ಅಲ್ಲಿ ತಯಾರಾದ ಸ್ಟ್ರೌಜರ್ ವಿನಿಮಯ ಕೇಂದ್ರದ ಮೂಲ ತತ್ತ್ವಕ್ಕೆ ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದಿದ್ದ. ನೀವು ಡಯಲ್ ತಿರುಗಿಸಿದಂತೆ ಲೋಹದ ತೋಳೊಂದು ಹಂತಹಂತವಾಗಿ ಮೇಲೇರಿ, ಬಳಿಕ ಸುತ್ತಿ, 10 ಸಾಲುಗಳ 100 ಸಂಪರ್ಕಗಳಲ್ಲಿ ಒಂದನ್ನು ಮುಟ್ಟುತ್ತಿತ್ತು. ಲೋಹಕ್ಕೆ ಲೋಹ ತಾಗಿದಾಗ ಅದು ತುಸು ಪುಟಿಯುತ್ತದೆ. ತಾಗಿದ ಮೇಲೂ ಅಲ್ಪ ರೋಧ ಉಳಿಯುತ್ತದೆ. ರಿಲೇ ಸುರುಳಿಯ ಪ್ರವಾಹವನ್ನು ತಟ್ಟನೆ ಕಡಿದರೆ ಕಿಡಿ ಹಾರುತ್ತದೆ. ಕಿಡಿ ತಣಿಸಲು ಸಂಪರ್ಕಗಳಿಗೆ ರೋಧಕ ಮತ್ತು ಧಾರಕಗಳನ್ನು ಜೋಡಿಸುತ್ತಿದ್ದರು.

ಮುಂದೆ ಲೋಹದ ಜಾಗಕ್ಕೆ ಸಿಲಿಕಾನ್ ಬಂತು. 4066 ಎಂಬ ಚಿಪ್ಪಿನಲ್ಲಿ ನಾಲ್ಕು ಅನಲಾಗ್ ಸ್ವಿಚ್ಚುಗಳಿವೆ. ಧ್ವನಿಯಂತಹ ಏರಿಳಿತದ ಸಂಕೇತವನ್ನು ಇವು ಹಾಗೆಯೇ ದಾಟಿಸುತ್ತವೆ. 15 ವೋಲ್ಟ್ ಪೂರೈಕೆಯಲ್ಲಿ ಇದರ 'ಆನ್' ರೋಧ ಸುಮಾರು 125 ಓಮ್. ಗಮನಿಸಿ, ಸೊನ್ನೆಯಲ್ಲ.

1973ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಲಾರೆನ್ಸ್ ನೇಗಲ್ ಸಿದ್ಧಪಡಿಸಿದ 'ಸ್ಪೈಸ್' ತಂತ್ರಾಂಶ ಹೊರಬಂತು. ಮಂಡಲವನ್ನು ಕಟ್ಟುವ ಮೊದಲೇ ಅದರ ನಡತೆಯನ್ನು ಲೆಕ್ಕಹಾಕಲು ಸಾಧ್ಯವಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಚಿಪ್ ವಿನ್ಯಾಸದ ತಂತ್ರಾಂಶ ಕೆಲಸ ಆರಂಭಿಸಿತು. ಬಳಿಕ ಪೂರ್ವಕ್ಕೆ, ಸಿ.ವಿ. ರಾಮನ್ ನಗರಕ್ಕೆ ಸರಿಯಿತು. ಚಿಪ್ ವಿನ್ಯಾಸದಲ್ಲಿ ಗಣಕದ ಲೆಕ್ಕವೇ ಆಧಾರ. ಸಿಲಿಕಾನಿನಲ್ಲಿ ಅಚ್ಚಾದ ತಪ್ಪನ್ನು ಬೆಸುಗೆ ಹಾಕಿ ತಿದ್ದಲಾಗದು.

ಈಗ ನಮ್ಮ ತೊಂದರೆಗೆ ಬರೋಣ. ಸ್ಪೈಸ್ ಪ್ರತಿ ಕ್ಷಣದಲ್ಲೂ ಉತ್ತರವನ್ನು ಊಹಿಸಿ, ನ್ಯೂಟನ್ನನ ವಿಧಾನದಿಂದ ತಿದ್ದುತ್ತಾ ಹೋಗುತ್ತದೆ. ಉತ್ತರ ನೆಲೆಗೊಳ್ಳದಿದ್ದರೆ ಕಾಲದ ಹೆಜ್ಜೆಯನ್ನು ಕುಗ್ಗಿಸುತ್ತದೆ. ಸ್ಪೈಸ್‌ನ ಮೂರನೆಯ ಆವೃತ್ತಿಯ ಸ್ವಿಚ್ಚಿಗೆ ನಾವೇನೂ ಹೇಳದಿದ್ದರೆ 'ಆನ್' ರೋಧ 1 ಓಮ್, 'ಆಫ್' ರೋಧ ಲಕ್ಷ ಕೋಟಿ ಓಮ್. ಇದಕ್ಕೆ 1 ನ್ಯಾನೋಫ್ಯಾರಡ್ ಧಾರಕ ಸೇರಿಸಿ. ಕಾಲಸ್ಥಿರಾಂಕ ಒಂದು ಸ್ಥಿತಿಯಲ್ಲಿ 1 ನ್ಯಾನೋಸೆಕೆಂಡು, ಇನ್ನೊಂದರಲ್ಲಿ 1000 ಸೆಕೆಂಡು! ಇವೆರಡರ ನಡುವೆ ಒಮ್ಮೆಲೇ ನೆಗೆಯುವಾಗ ಎಷ್ಟು ಚಿಕ್ಕ ಹೆಜ್ಜೆಯೂ ಸಾಲದೆ ಹೋಗಬಹುದು.

ಪರಿಹಾರವೇನು? ಮೊದಲು ನಿಜವಾದ ರೋಧ ಕೊಡಿ: 'ಆನ್' 125 ಓಮ್, 'ಆಫ್' 100 ಕೋಟಿ ಓಮ್. ಆಗ ಕಾಲಸ್ಥಿರಾಂಕ 125 ನ್ಯಾನೋಸೆಕೆಂಡು ಮತ್ತು 1 ಸೆಕೆಂಡು. 1 ಮಿಲಿಸೆಕೆಂಡಿನಲ್ಲಿ ಧಾರಕದಿಂದ ಸೋರುವುದು ಸಾವಿರದಲ್ಲೊಂದು ಪಾಲು. ಅದೂ ಹೆಚ್ಚೆನಿಸಿದರೆ 'ಆಫ್' ರೋಧವನ್ನು ಹತ್ತು ಪಟ್ಟು ಏರಿಸಿ. ಎರಡನೆಯದಾಗಿ, ರೋಧ ಕ್ರಮೇಣ ಬದಲಾಗುವ ಮಾದರಿಯಿದ್ದರೆ ಅದನ್ನೇ ಆರಿಸಿ. ಸ್ವಿಚ್ಚು ಎರಡು ಸ್ಥಿತಿಗಳ ನಡುವೆ ಹೊಯ್ದಾಡುತ್ತಿದ್ದರೆ 'ಆನ್' ಮತ್ತು 'ಆಫ್' ಆಗುವ ವೋಲ್ಟೇಜುಗಳ ನಡುವೆ ಅಂತರವಿಡಿ. ಮೂರನೆಯದಾಗಿ, ಸ್ವಿಚ್ಚಿನ ಸರಣಿಯಲ್ಲಿ ಸುರುಳಿಯಿದ್ದರೆ, ಕಡಿದ ಪ್ರವಾಹ ಹರಿಯಲು ದಾರಿ ಕೊಡಿ. ವಿನಿಮಯ ಕೇಂದ್ರದ ರಿಲೇಗೆ ಬೇಕಾಗಿದ್ದ ಉಪಚಾರವೇ ಇಲ್ಲಿಯೂ ಬೇಕು.

ಲೆಕ್ಕದ ನಿಖರತೆಯನ್ನು ಸಡಿಲಿಸಿ ಸಂದೇಶವನ್ನು ಅಡಗಿಸುವ ಸುಲಭದ ದಾರಿಯೂ ಇದೆ. ಸ್ಪೈಸ್ ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸ ಸಾವಿರಕ್ಕೆ ಒಂದು. ಅದನ್ನು ನೂರಕ್ಕೆ ಹತ್ತಕ್ಕೆ ಏರಿಸಿದರೆ ನಕ್ಷೆ ಮೂಡೀತು, ಆದರೆ ಮೇಲಿನ ಧಾರಕದ ಸೋರಿಕೆ ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಆದ್ದರಿಂದ ಗಣಕ ನಿಂತಾಗ ಮೊದಲು ನಿಮ್ಮ ಮಾದರಿಯನ್ನು ನೋಡಿ. ಶೂನ್ಯ ಕಾಲದಲ್ಲಿ ಬದಲಾಗುವ ಸ್ವಿಚ್ಚು ದೂರವಾಣಿನಗರದ ಲೋಹದಲ್ಲೂ ಇರಲಿಲ್ಲ, ಸಿಲಿಕಾನಿನಲ್ಲೂ ಇಲ್ಲ.