ಕೆಂಪು ಎಡಕ್ಕೆ, ಹಸಿರು ಬಲಕ್ಕೆ: ದೋಣಿ ದೀಪದ ಚರಿತ್ರೆ

ರಾತ್ರಿ ನೀರಿನ ಮೇಲೆ ಸಾಗುವ ದೋಣಿ ದೀಪ ಹಚ್ಚಿಕೊಂಡಿರಬೇಕು ಎಂಬ ಕಾನೂನಿಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ದೋಣಿಗಾದರೋ ಸಾವಿರಾರು ವರ್ಷಗಳ ಬಾಳು. ಅಷ್ಟು ಕಾಲ ಕಾನೂನಿಲ್ಲದೆ ನಡೆದುಹೋದದ್ದಕ್ಕೆ ಕಾರಣ ಸರಳ: ಹೊತ್ತು ಮುಳುಗಿದ ಮೇಲೆ ಬಹುಪಾಲು ದೋಣಿಗಳು ದಡದಲ್ಲಿರುತ್ತಿದ್ದವು. ದೂರ ಪ್ರಯಾಣದ ಹಾಯಿ ಹಡಗುಗಳು ರಾತ್ರಿಯೂ ಸಾಗುತ್ತಿದ್ದವು ನಿಜ, ಆದರೆ ಅವು ವಿರಳ, ಅವುಗಳ ವೇಗವೂ ಕಡಿಮೆ. ಕತ್ತಲಲ್ಲಿ ಒಂದಕ್ಕೊಂದು ಎದುರಾಗುವಷ್ಟು ದಟ್ಟಣೆ ಬಂದರುಗಳ ಬಾಯಲ್ಲಿ ಬಿಟ್ಟರೆ ಬೇರೆಡೆ ಇರಲಿಲ್ಲ.

ಹುಮನಾಬಾದ್–ಬಸವಕಲ್ಯಾಣ ಸೀಮೆಯ ಹೊಳೆಗಳಲ್ಲಂತೂ ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಮಾಂಜ್ರಾ, ಅದಕ್ಕೆ ಸೇರುವ ಕಾರಂಜಾ, ಕಾಗಿಣಾಕ್ಕೆ ಸೇರುವ ಮುಲ್ಲಾಮಾರಿ ಮೂರೂ ಮಳೆ ನಂಬಿದ ನೀರು. ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲೇ ದಾಟುವ ಜಾಗಗಳು ಎಷ್ಟೋ. ಮಹಾಪೂರ ಬಂದಾಗ ಮಾತ್ರ ತೆಪ್ಪವೋ ಹರಿಗೋಲೋ ಬೇಕಾಗುತ್ತಿತ್ತು. ಕೆಂಪು ನೀರು ಉಕ್ಕಿ ಹರಿಯುವಾಗ ಕತ್ತಲಲ್ಲಿ ಹೊಳೆ ದಾಟಿಸುವ ಧೈರ್ಯ ಯಾವ ಅಂಬಿಗನಿಗೂ ಇರಲಿಲ್ಲ. ಆಚೆ ದಡ ಕಾಣದಿದ್ದರೆ ಹುಟ್ಟು ಹಾಕುವುದಿಲ್ಲ ಎಂಬುದೇ ಒಳನಾಡಿನ ಹೊಳೆಗಳ ಸುರಕ್ಷತಾ ನಿಯಮ. ಅದನ್ನು ಯಾರೂ ಬರೆದಿಡಬೇಕಾಗಿರಲಿಲ್ಲ.

ಹೊಳೆ ದಾಟಿಸುವ ಕಾಯಕಕ್ಕೆ ಕನ್ನಡದಲ್ಲಿ ಸಿಕ್ಕಿರುವ ಗೌರವದ ಮೂಲವೂ ಈ ಕಲ್ಯಾಣವೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನಾದ ಅಂಬಿಗರ ಚೌಡಯ್ಯ ವೃತ್ತಿಯಿಂದ ದೋಣಿಯವನು. ತುಂಗಭದ್ರೆಯ ದಡದ, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಚೌಡದಾನಪುರ ಅವನ ಹೆಸರಿನೊಡನೆ ಬೆಸೆದುಕೊಂಡಿದೆ. ಸಮುದ್ರದ ನಂಟು ಕೂಡ ಕಲ್ಯಾಣಕ್ಕೆ ಇಲ್ಲದಿರಲಿಲ್ಲ. ಕಲ್ಯಾಣ ಚಾಲುಕ್ಯರ ಅರಸ ಆರನೆಯ ವಿಕ್ರಮಾದಿತ್ಯ ತನ್ನ ಮಗಳು ಮೈಲಳದೇವಿಯನ್ನು ಗೋವೆಯ ಕದಂಬ ಇಮ್ಮಡಿ ಜಯಕೇಶಿಗೆ ಕೊಟ್ಟಿದ್ದ. ಕದಂಬರ ಬಲ ಅವರ ಹಡಗುಗಳಲ್ಲಿತ್ತು. ಹೀಗೆ ಸಮುದ್ರದಿಂದ ನೂರಾರು ಮೈಲಿ ಒಳಗಿದ್ದ ರಾಜಧಾನಿಗೆ ಪಡುವಣ ಕರಾವಳಿಯ ಬಂದರುಗಳು ಬೀಗರ ಮನೆಯ ಆಸ್ತಿಯಾಗಿ ಒದಗಿದ್ದವು.

ದೋಣಿ ದೀಪದ ಚರಿತ್ರೆ ನಿಜವಾಗಿ ಆರಂಭವಾಗುವುದು ಆ ಕರಾವಳಿಯಲ್ಲಿ. ಕಾರವಾರದಿಂದ ಮಂಗಳೂರಿನವರೆಗೆ ಕನ್ನಡ ಕರಾವಳಿಯ ಉದ್ದ ಸುಮಾರು 300 ಕಿಲೋಮೀಟರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಸಮುದ್ರ ಸೇರುವ ಅಳಿವೆಗಳೇ ಇಲ್ಲಿನ ಹಳೆಯ ಬಂದರುಗಳು. ಅಳಿವೆಯ ಬಾಯಲ್ಲಿ ಮರಳುದಿಣ್ಣೆ ಇರುತ್ತದೆ, ವರ್ಷವರ್ಷಕ್ಕೂ ಜಾಗ ಬದಲಿಸುತ್ತದೆ. ಸರಕು ಹೊತ್ತ ಪತ್ತೆಮಾರಿ, ಮಂಜಿ, ಮಚ್ವೆಗಳಿಗೆ ಇದನ್ನು ಕತ್ತಲಲ್ಲಿ ದಾಟುವುದು ಗಂಡಾಂತರದ ಕೆಲಸ. ಬೆಳಕು ಹರಿಯುವವರೆಗೆ ಹೊರಗೆ ಲಂಗರು ಹಾಕಿ ಕಾಯುವುದೇ ಜಾಣತನ. ಮಳೆಗಾಲದಲ್ಲಿ ಹಾಯಿ ಹಡಗುಗಳು ಹೊರಡುತ್ತಲೇ ಇರಲಿಲ್ಲ.

ಮೊದಲು ಬಂದದ್ದು ದಡದ ದೀಪ, ಆಮೇಲೆ ದೋಣಿಯ ದೀಪ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರ ಬಂದರಿಗೆ ಮಹತ್ವ ಬಂತು. ಅದರ ಎದುರಿನ ದೇವಗಡ ನಡುಗಡ್ಡೆಯ ದೀಪಸ್ತಂಭ ಅದೇ ದಶಕದ್ದು. ಉಡುಪಿಯ ಬಳಿಯ ಕಾಪು ದೀಪಸ್ತಂಭ 1901ರದು. ದೀಪಸ್ತಂಭ ಹೇಳುವುದು ನೆಲ ಎಲ್ಲಿದೆ ಎಂಬ ಒಂದೇ ಸಂಗತಿಯನ್ನು. ಅದು ಕದಲುವುದಿಲ್ಲ, ಆದ್ದರಿಂದ ಅಷ್ಟು ಹೇಳಿದರೆ ಸಾಕು. ದೋಣಿ ಕದಲುತ್ತದೆ. ಅದರ ಮೇಲಿನ ದೀಪ ‘ಇಲ್ಲಿದ್ದೇನೆ’ ಎಂದಷ್ಟೇ ಹೇಳಿದರೆ ಸಾಲದು, ‘ಇತ್ತ ಹೋಗುತ್ತಿದ್ದೇನೆ’ ಎಂದೂ ಹೇಳಬೇಕು. ಎತ್ತಿನ ಗಾಡಿಯ ಅಚ್ಚಿಗೆ ಕಟ್ಟಿದ ಕಂದೀಲು ಗಾಡಿ ಇರುವುದನ್ನು ತಿಳಿಸೀತು. ಅದು ಎದುರು ಬರುತ್ತಿದೆಯೋ ಮುಂದೆ ಹೋಗುತ್ತಿದೆಯೋ ಎಂದು ತಿಳಿಸದು. ರಸ್ತೆಯಲ್ಲಿ ಗಾಡಿಗೆ ಇರುವುದು ಎರಡೇ ದಿಕ್ಕು, ಹೇಗೋ ನಡೆಯುತ್ತದೆ. ಸಮುದ್ರದಲ್ಲಿ ದಾರಿಯೇ ಇಲ್ಲ.

ಈ ತೊಡಕು ಗಂಭೀರವಾದದ್ದು ಉಗಿ ಹಡಗು ಬಂದ ಮೇಲೆ. ಹಾಯಿ ಹಡಗು ಗಾಳಿಯ ಆಳು. ಗಾಳಿ ಯಾವ ಕಡೆಯದೆಂದು ಗೊತ್ತಿದ್ದ ನಾವಿಕ ಎದುರಿನ ಹಡಗಿನ ಚಲನೆಯನ್ನು ಒಂದಿಷ್ಟು ಊಹಿಸಬಲ್ಲವನಾಗಿದ್ದ. ಸ್ಟೀಮರಿಗೆ ಗಾಳಿಯ ಹಂಗಿಲ್ಲ. ಅದು ಯಾವ ದಿಕ್ಕಿಗಾದರೂ ಹೋಗಬಹುದು, ವೇಳಾಪಟ್ಟಿ ಹಿಡಿದು ರಾತ್ರಿಯೂ ಓಡುತ್ತದೆ. ಅಮೆರಿಕ 1838ರಲ್ಲಿ ಉಗಿ ದೋಣಿಗಳು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ದೀಪ ತೋರಬೇಕೆಂದು ಕಾನೂನು ಮಾಡಿತು. ಬ್ರಿಟನ್‌ನಲ್ಲಿ 1848ರಲ್ಲಿ ಸ್ಟೀಮರುಗಳಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಕಂಬದ ಮೇಲೆ ಬಿಳಿ ಎಂಬ ಪದ್ಧತಿ ಕಡ್ಡಾಯವಾಯಿತು. ಹತ್ತು ವರ್ಷದ ಬಳಿಕ ಹಾಯಿ ಹಡಗುಗಳಿಗೂ ಕೆಂಪು–ಹಸಿರು ಬಂತು. ಬ್ರಿಟನ್ ಮತ್ತು ಫ್ರಾನ್ಸ್ 1863ರಲ್ಲಿ ಒಪ್ಪಿಕೊಂಡ ನಿಯಮಗಳನ್ನು ಮುಂದಿನ ವರ್ಷದ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ದೇಶಗಳು ಸ್ವೀಕರಿಸಿದವು. ಮುಂಬಯಿಯಿಂದ ಕಾರವಾರ, ಮಂಗಳೂರಿಗೆ ಬರುತ್ತಿದ್ದ ಸ್ಟೀಮರುಗಳ ಮೂಲಕ ಈ ಎರಡು ಬಣ್ಣ ಕನ್ನಡ ಕರಾವಳಿಗೂ ಬಂದವು.

ಬಣ್ಣಗಳ ಆಯ್ಕೆಯಲ್ಲಿ ಯಾವ ಗುಟ್ಟೂ ಇಲ್ಲ. ಎಡಕ್ಕೆ ಹಸಿರಿದ್ದರೂ ನಡೆಯುತ್ತಿತ್ತು. ಎಲ್ಲರೂ ಒಂದನ್ನೇ ಒಪ್ಪಬೇಕು, ಅಷ್ಟೆ. ಜಾಣ್ಮೆ ಇರುವುದು ಬೆಳಕು ಹರಡುವ ಕೋನದಲ್ಲಿ. ಪಕ್ಕದ ದೀಪ ಎರಡೂ ನೇರ ಮುಂದಿನಿಂದ ತಂತಮ್ಮ ಬದಿಗೆ 112.5 ಡಿಗ್ರಿಯವರೆಗೆ ಮಾತ್ರ ಕಾಣಬೇಕು. ಹಿಂಬದಿಯ ಬಿಳಿ ದೀಪದ ಪಾಲು ಉಳಿದ 135 ಡಿಗ್ರಿ. ಮೂರನ್ನು ಕೂಡಿದರೆ ಸರಿಯಾಗಿ 360. ಕಂಬದ ಮೇಲಿನ ಬಿಳಿ ದೀಪದ್ದು 225 ಡಿಗ್ರಿ, ಅಂದರೆ ಕೆಂಪು, ಹಸಿರು ಎರಡರ ವ್ಯಾಪ್ತಿಯೂ ಸೇರಿದಷ್ಟು. ಕೆಂಪು ಬೆಳಕು ಬಲಕ್ಕೆ, ಹಸಿರು ಎಡಕ್ಕೆ ಸೋರದಂತೆ ದೀಪದ ಒಳಬದಿಗೆ ಹಲಗೆ ಕಟ್ಟಿ, ಅದಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯುತ್ತಾರೆ. ಹಲಗೆ ಕಿತ್ತುಹೋದರೆ ದೀಪ ಉರಿಯುತ್ತಲೇ ಸುಳ್ಳು ಹೇಳತೊಡಗುತ್ತದೆ.

ಇಷ್ಟರಿಂದ ಚುಕ್ಕಾಣಿ ಹಿಡಿದ ತಾಂಡೇಲನಿಗೆ ತಿಳಿಯುವುದು ಬಹಳ. ಮುಂದೆ ಕೆಂಪು ಕಂಡರೆ ಕಾಣುತ್ತಿರುವುದು ಎದುರಿನ ದೋಣಿಯ ಎಡ ಮೈ. ಅದು ಅವನ ಬಲದಿಂದ ಎಡಕ್ಕೆ ಹಾಯುತ್ತಿದೆ. ಹಸಿರು ಕಂಡರೆ ಎಡದಿಂದ ಬಲಕ್ಕೆ. ಎರಡೂ ಒಟ್ಟಿಗೆ ಕಂಡರೆ ಅದು ನೇರ ಮೈಮೇಲೆ ಬರುತ್ತಿದೆ, ಆಗ ಇಬ್ಬರೂ ಬಲಕ್ಕೆ ತಿರುಗಬೇಕು. ಬರೀ ಒಂದು ಬಿಳಿ ದೀಪವಾದರೆ ಬಹುಶಃ ಮುಂದೆ ಹೋಗುತ್ತಿರುವ ದೋಣಿಯ ಬೆನ್ನು. ಎಂಜಿನ್ ದೋಣಿಗಳೆರಡು ಅಡ್ಡ ಹಾಯುವಾಗ, ಬಲಗಡೆ ಇನ್ನೊಂದನ್ನು ಕಂಡವನು ದಾರಿ ಬಿಡಬೇಕು. ಅವನ ಕಣ್ಣಿಗೆ ಬೀಳುವುದೂ ಕೆಂಪು ದೀಪವೇ. 50 ಮೀಟರಿಗಿಂತ ಉದ್ದದ ಹಡಗಿಗೆ ಬಿಳಿ ಕಂಬದೀಪ ಎರಡು, ಹಿಂದಿನದು ಎತ್ತರದಲ್ಲಿ. ಅವೆರಡೂ ಒಂದರ ಮೇಲೊಂದು ನೆಟ್ಟಗೆ ನಿಂತರೆ ಹಡಗಿನ ಮೂತಿ ನೋಡುವವನ ಕಡೆಗೇ ಇದೆ ಎಂದರ್ಥ. ಈ ನಿಯಮಗಳು ನಾವಿಕರ ಬಾಯಲ್ಲಿ ನಿಲ್ಲಲೆಂದು ಬ್ರಿಟಿಷ್ ಅಧಿಕಾರಿ ಥಾಮಸ್ ಗ್ರೇ 1867ರಲ್ಲಿ ಅವನ್ನು ಪದ್ಯವಾಗಿಸಿದ. ಕಂಠಪಾಠಕ್ಕೆ ಪದ್ಯ ಹೊಸೆಯುವುದು ನಮ್ಮವರಷ್ಟೇ ಕಂಡುಕೊಂಡ ಉಪಾಯವಲ್ಲ.

ದೀಪ ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ, ಅದನ್ನು ಎರಡೂ ಕಡೆಯವರು ಒಂದೇ ರೀತಿ ಓದಬೇಕು. 1878ರ ಸೆಪ್ಟೆಂಬರ್ 3ರ ಸಂಜೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ವಿಹಾರ ಮುಗಿಸಿ ಬರುತ್ತಿದ್ದ ‘ಪ್ರಿನ್ಸೆಸ್ ಆಲಿಸ್’ ಸ್ಟೀಮರಿಗೆ ‘ಬೈವೆಲ್ ಕ್ಯಾಸಲ್’ ಎಂಬ ಕಲ್ಲಿದ್ದಲು ಹಡಗು ಬಡಿದು 600ಕ್ಕೂ ಹೆಚ್ಚು ಜನ ಸತ್ತರು. ಎರಡರಲ್ಲೂ ದೀಪಗಳಿದ್ದವು, ಇನ್ನೊಂದು ಯಾವ ಕಡೆಯಿಂದ ಹಾಯ್ದುಹೋಗುತ್ತದೆ ಎಂಬ ಎಣಿಕೆಯಲ್ಲಿ ಎಡವಟ್ಟಾಯಿತು. ಇಂದು ಜಾರಿಯಲ್ಲಿರುವ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು 1972ರವು, ಜಾರಿಗೆ ಬಂದದ್ದು 1977ರಲ್ಲಿ. ಭಾರತ ಇವನ್ನು ಅನುಸರಿಸಿ 1975ರಲ್ಲೇ ತನ್ನ ನಿಯಮಾವಳಿ ಮಾಡಿಕೊಂಡಿತ್ತು.

ಕನ್ನಡ ಕರಾವಳಿಯಲ್ಲಿ ರಾತ್ರಿಯ ಸಮುದ್ರ ತುಂಬಿಕೊಂಡದ್ದು ಇದೇ ಕಾಲದಲ್ಲಿ. ದಡದಲ್ಲಿ ನಿಂತು ಊರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಗೆ ದೋಣಿ ದೀಪದ ಅಗತ್ಯ ಅಷ್ಟಾಗಿ ಇರಲಿಲ್ಲ. ಟ್ರಾಲ್ ಬೋಟುಗಳು ಬಂದವು. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದು ರಂಪಣಿಯನ್ನು ಮೂಲೆಗೊತ್ತಿತು. ಅದೇ ಹೊತ್ತಿಗೆ, 1974ರಲ್ಲಿ, ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಮಲ್ಪೆ, ಮಂಗಳೂರುಗಳಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳು ದಿನಗಟ್ಟಲೆ ಅಲ್ಲೇ ಉಳಿಯುತ್ತವೆ. ದೊಡ್ಡ ಸರಕು ಹಡಗುಗಳು ಓಡಾಡುವುದೂ ಅದೇ ನೀರಿನಲ್ಲಿ.

ಮೀನು ಹಿಡಿಯುವ ದೋಣಿಗೆ ಪ್ರತ್ಯೇಕ ದೀಪಗಳಿವೆ. ಟ್ರಾಲ್ ಬಲೆ ಎಳೆಯುತ್ತಿದ್ದರೆ ಸುತ್ತಲೂ ಕಾಣುವ ಹಸಿರು ದೀಪ, ಅದರ ಕೆಳಗೆ ಬಿಳಿ. ಬೇರೆ ಬಗೆಯ ಬಲೆಯಾದರೆ ಕೆಂಪಿನ ಕೆಳಗೆ ಬಿಳಿ. ಆ ಬಲೆ ದೋಣಿಯಿಂದ 150 ಮೀಟರಿಗಿಂತ ದೂರ ಚಾಚಿದ್ದರೆ, ಚಾಚಿದ ದಿಕ್ಕಿಗೆ ಇನ್ನೊಂದು ಬಿಳಿ ದೀಪ. ಬಲೆ ಎಳೆಯುವ ದೋಣಿ ಚುರುಕಾಗಿ ತಿರುಗಲಾರದು, ಆದ್ದರಿಂದ ಎಂಜಿನ್ ಹಡಗುಗಳು ಅದಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಆದರೆ ಹಡಗಿನವನಿಗೆ ಅದು ಬಲೆ ಎಳೆಯುತ್ತಿದೆ ಎಂದು ತಿಳಿಯಬೇಕಾದದ್ದು ಈ ದೀಪಗಳಿಂದಲೇ.

ಲೆಕ್ಕವೂ ಕಠಿಣ. 12ರಿಂದ 50 ಮೀಟರ್ ಉದ್ದದ ದೋಣಿಯ ಪಕ್ಕದ ದೀಪ ಕನಿಷ್ಠ 2 ನಾಟಿಕಲ್ ಮೈಲು ದೂರಕ್ಕೆ ಕಾಣಬೇಕು, ಅದಕ್ಕಿಂತ ಚಿಕ್ಕದರದ್ದು 1 ಮೈಲು. ಗಂಟೆಗೆ 15 ನಾಟಿಕಲ್ ಮೈಲು ವೇಗದ ಹಡಗು 2 ಮೈಲು ಕ್ರಮಿಸುವುದು 8 ನಿಮಿಷದಲ್ಲಿ, 1 ಮೈಲು 4 ನಿಮಿಷದಲ್ಲಿ. ಗಾಜಿಗೆ ಉಪ್ಪು ಕಟ್ಟಿದ್ದರೆ, ಬ್ಯಾಟರಿ ಇಳಿದಿದ್ದರೆ ಈ ಅವಧಿ ಇನ್ನೂ ಕುಗ್ಗುತ್ತದೆ. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ, ಕೇರಳದ ಬೇಪೂರಿನಿಂದ 14 ಮಂದಿಯನ್ನು ಹೊತ್ತು ಹೊರಟಿದ್ದ ಮೀನುಗಾರಿಕಾ ಬೋಟಿಗೂ ಸಿಂಗಪುರದ ಧ್ವಜದ ಸರಕು ಹಡಗಿಗೂ ಡಿಕ್ಕಿಯಾಯಿತು. ಬದುಕಿ ಸಿಕ್ಕವರು ಇಬ್ಬರೇ.

ಈಗಿನ ತೊಂದರೆ ಕತ್ತಲಿನದಷ್ಟೇ ಅಲ್ಲ, ಬೆಳಕಿನದೂ ಹೌದು. ಪ್ರಖರ ಎಲ್‌ಇಡಿ ದೀಪ ಬೆಳಗಿಸಿ ಮೀನು ಸೆಳೆಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನಿಷೇಧದ ಉದ್ದೇಶ ಮೀನಿನ ಸಂತತಿ ಉಳಿಸುವುದು. ನಾಡದೋಣಿಯವರು ಅದಕ್ಕಾಗಿ ಬಹಳ ಹೋರಾಡಿದರು. ಡಿಕ್ಕಿ ತಡೆ ನಿಯಮ ಇದನ್ನೇ ಬೇರೊಂದು ಕಾರಣಕ್ಕೆ ಒಪ್ಪುವುದಿಲ್ಲ: ದಾರಿದೀಪಗಳನ್ನು ಮರೆಮಾಡುವ, ಗೊಂದಲಕ್ಕೀಡುಮಾಡುವ ಯಾವ ಬೆಳಕೂ ರಾತ್ರಿ ದೋಣಿಯ ಮೇಲೆ ಇರಕೂಡದು. ಡೆಕ್ಕಿನ ಮೇಲೆ ಮೀನು ಆರಿಸಲು ಹಾಕುವ ದೊಡ್ಡ ಬಲ್ಬುಗಳಿಗೂ ಇದು ಅನ್ವಯಿಸುತ್ತದೆ. ಅವುಗಳ ನಡುವೆ ಕೆಂಪು–ಹಸಿರು ಮಂಕಾಗುತ್ತದೆ. ಚುಕ್ಕಾಣಿಯವನ ಕಣ್ಣೂ ಕತ್ತಲಿಗೆ ಒಗ್ಗದೆ ಹೋಗುತ್ತದೆ.

ಒಳನಾಡಿನಲ್ಲಿ ಹಳೆಯ ನಿಯಮವೇ ಬಹುಕಾಲ ಉಳಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿನ್ನೀರು ಹರಡಿದ ಮೇಲೆ ಸಿಗಂದೂರು, ತುಮರಿ ಭಾಗದ ಜನ ಲಾಂಚನ್ನೇ ನಂಬಬೇಕಾಯಿತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ದೂರದ ದಾರಿಯಲ್ಲಿ ಸುತ್ತಬೇಕಿತ್ತು. ಕಾಯಿಲೆಯವರಿಗೂ ಬಸುರಿಯರಿಗೂ ಅದು ಸಣ್ಣ ಕಷ್ಟವಾಗಿರಲಿಲ್ಲ. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಂಥ ಒಳನಾಡಿನ ನೀರಿಗೆ ಸಮುದ್ರದ ನಿಯಮ ನೇರವಾಗಿ ಅನ್ವಯಿಸುವುದಿಲ್ಲ. ಒಳನಾಡಿನ ದೋಣಿಗಳಿಗೆಂದು 1917ರಲ್ಲಿ ಬಂದಿದ್ದ ಕಾಯಿದೆಯ ಜಾಗದಲ್ಲಿ 2021ರ ಒಳನಾಡು ಹಡಗುಗಳ ಕಾಯಿದೆ ಇದೆ, ದೀಪ ಮತ್ತು ಸಂಕೇತಗಳ ನಿಯಮ ಮಾಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿದೆ. ಸಮುದ್ರದ ನಿಯಮವಾದರೂ ಬಡವನ ದೋಣಿಯಿಂದ ಹೆಚ್ಚೇನೂ ಕೇಳುವುದಿಲ್ಲ. ಹುಟ್ಟು ಹಾಕುವ ದೋಣಿಗೆ ಕೆಂಪು–ಹಸಿರು ಇಲ್ಲದಿದ್ದರೆ ಬೇಡ. ಒಂದು ಟಾರ್ಚೋ ಹಚ್ಚಿದ ಕಂದೀಲೋ ಕೈಗೆ ಸಿಗುವಂತಿರಬೇಕು, ಡಿಕ್ಕಿ ತಪ್ಪಿಸಲು ಸಮಯ ಇರುವಾಗಲೇ ಅದನ್ನು ಎತ್ತಿ ತೋರಿಸಬೇಕು.